ಠಾಣೆಯ ಮೇಜಿನ ಮೇಲೆ ಬೆಳಗಿದ ನನ್ನ ಫೋನ್

ಉಡುಪಿ ಜಿಲ್ಲೆಯ ಒಂದು ಪೊಲೀಸ್ ಠಾಣೆ, ಸಂಜೆ ಐದೂವರೆಯ ಹೊತ್ತು. ಗಂಡನ ಮನೆ ಬಿಟ್ಟು ಬಂದ ಹೆಣ್ಣುಮಗಳೊಬ್ಬಳ ವಕೀಲೆಯಾಗಿ ಹೋಗಿದ್ದೆ. ಸೊಸೆ ಕಾಣೆಯಾಗಿದ್ದಾಳೆ ಎಂದು ಆ ಮನೆಯವರು ದೂರು ಕೊಟ್ಟಿದ್ದರು. ಆಕೆ ಕಾಣೆಯಾಗಿಲ್ಲ, ಸ್ವಂತ ಇಚ್ಛೆಯಿಂದ ಹೋಗಿದ್ದಾಳೆ, ಸೋಮವಾರ ಮ್ಯಾಜಿಸ್ಟ್ರೇಟರ ಎದುರು ಬಂದು ಹೇಳಿಕೆ ಕೊಡುತ್ತಾಳೆ ಎಂದು ಬರೆದುಕೊಟ್ಟು ಬರುವುದು ನನ್ನ ಕೆಲಸ. ಎಲ್ಲಿದ್ದಾಳೆ ಎಂದು ಅಧಿಕಾರಿ ಎರಡು ಸಲ ಕೇಳಿದರು. ಹೇಳುವುದಿಲ್ಲ ಎಂದೆ. ಅವರೂ ಒತ್ತಾಯ ಮಾಡಲಿಲ್ಲ. ನನ್ನ ಕಾಗದದ ಪ್ರತಿಗೆ ಸೀಲು ಒತ್ತಲು ಪ್ಯಾಡು ತರಿಸಿದರು. ಅಷ್ಟರಲ್ಲಿ, ಮೇಜಿನ ಮೇಲೆ ಅಂಗಾತ ಇಟ್ಟಿದ್ದ ನನ್ನ ಫೋನ್ ಬೆಳಗಿತು.

"ಮೇಡಂ ನಾನು ಕಾರ್ಕಳದ ದೊಡ್ಡಮ್ಮನ ಮನೆಗೆ ಬಂದು ಮುಟ್ಟಿದೆ. ಇಲ್ಲಿ ಯಾರಿಗೂ ಗೊತ್ತಿಲ್ಲ."

ಮೇಜಿನ ಆಚೆ ಅಧಿಕಾರಿ, ಈಚೆ ನಾನು, ನನ್ನ ಪಕ್ಕದ ಕುರ್ಚಿಯಲ್ಲಿ ಆಕೆಯ ಮೈದುನ. ಮೂವರೂ ಓದಿದೆವು. ಫೋನನ್ನು ಯಾರೂ ಮುಟ್ಟಲಿಲ್ಲ, ಪಾಸ್‌ವರ್ಡ್ ಯಾರೂ ಕೇಳಲಿಲ್ಲ. ಅಧಿಕಾರಿ ತಕ್ಷಣ ಕಣ್ಣು ಬೇರೆ ಕಡೆ ತಿರುಗಿಸಿದರು, ಅದನ್ನು ಹೇಳಲೇಬೇಕು. ಮೈದುನ ತಿರುಗಿಸಲಿಲ್ಲ. ಅವನು ಎದ್ದು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ.

ಆ ರಾತ್ರಿ ಒಂಬತ್ತಕ್ಕೆ ನಾನೇ ಕಾರು ತೆಗೆದುಕೊಂಡು ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗಿ ಆಕೆಯನ್ನು ಬೇರೆ ಕಡೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಆಕೆ ಒಂದೇ ಮಾತು ಕೇಳುತ್ತಿದ್ದಳು: "ಮೇಡಂ, ಆ ಆ್ಯಪಿನಲ್ಲಿ ಹಾಕಿದರೆ ಯಾರಿಗೂ ಕಾಣುವುದಿಲ್ಲ ಅಂತ ನೀವೇ ಹೇಳಿದ್ದಲ್ಲವಾ?" ಹೌದು, ನಾನೇ ಹೇಳಿದ್ದು. ಅದು ಸಿಗ್ನಲ್, ಸಂದೇಶ ಕಳಿಸುವ ಆ್ಯಪ್. ನಾನೇ ಆಕೆಯ ಫೋನಿಗೆ ಹಾಕಿಸಿ, ದಾರಿಯಲ್ಲಿ ಯಾರೂ ಇದನ್ನು ಓದಲಾರರು ಎಂದು ಧೈರ್ಯ ಹೇಳಿದ್ದೆ. ದಾರಿಯಲ್ಲಿ ಯಾರೂ ಓದಲಿಲ್ಲ ನಿಜ. ಓದಿದ್ದು ಠಾಣೆಯ ಮೇಜಿನ ಮೇಲೆ. ಮರುದಿನ ಬೆಳಿಗ್ಗೆ ದೊಡ್ಡಮ್ಮನ ಮನೆಯ ಅಂಗಳದಲ್ಲಿ ಎರಡು ಬೈಕು ಬಂದು ನಿಂತಿದ್ದವಂತೆ.

ಕಕ್ಷಿದಾರರು ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆ ಬಿಡಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಹಿಂದೆ ಎವಿಡೆನ್ಸ್ ಆ್ಯಕ್ಟಿನ 126ನೇ ಕಲಂ ಆಗಿದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132. ಹದಿನಾರು ವರ್ಷ ವಕೀಲಿ ಮಾಡಿದವಳು ನಾನು. ಬಾಯಿ ಬಿಗಿಹಿಡಿದೆ, ಫೋನಿನ ಬಾಯಿ ಮರೆತೆ. ಅಲ್ಲಿಂದ ಮುಂದಿನ ಒಂದೂವರೆ ವರ್ಷ ಈ ನೋಟಿಫಿಕೇಶನ್ ಎಂಬ ಸಣ್ಣ ಸದ್ದಿನ ಬೆನ್ನು ಹತ್ತಿ ಏನೇನು ಮಾಡಿದೆ, ಏನು ಕಲಿತೆ ಎಂಬುದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಬೇರೆಯವರ ಗುಟ್ಟು ಕೈಯಲ್ಲಿ ಹಿಡಿದು ದುಡಿಯುವ ವಕೀಲರು, ಆಶಾ ಕಾರ್ಯಕರ್ತೆಯರು, ಪತ್ರಕರ್ತರು, ಸಂಘಟನೆಯವರು ಇದನ್ನು ಓದಲಿ ಎಂಬ ಆಸೆ.

ಮೊದಲ ಕೆಲಸ ಸುಲಭದ್ದು, ಆ ರಾತ್ರಿಯೇ ಮಾಡಿದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಎಂಬಲ್ಲಿಗೆ ಹೋದರೆ ಲಾಕ್ ಸ್ಕ್ರೀನ್ ಮೇಲೆ ಏನು ಕಾಣಬೇಕು ಎಂದು ಆರಿಸಲು ಬರುತ್ತದೆ. ಲಾಕ್ ತೆಗೆದ ಮೇಲೆ ಮಾತ್ರ ಒಳಗಿನ ವಿಷಯ ಕಾಣುವ ಹಾಗೆ ಮಾಡಿದೆ. ನನ್ನ ಜೊತೆಯ ವಕೀಲೆಯ ಐಫೋನಿನಲ್ಲಿ ಅದೇ ಕೆಲಸಕ್ಕೆ ಶೋ ಪ್ರಿವ್ಯೂಸ್ ಎಂಬ ಜಾಗ ಉಂಟು. ಸಿಗ್ನಲ್‌ನೊಳಗೂ ಬೇರೆ ಒಂದು ಆಯ್ಕೆ ಇದೆ: ಹೆಸರು ಮತ್ತು ಸಂದೇಶ ಎರಡೂ ತೋರಿಸು, ಹೆಸರು ಮಾತ್ರ ತೋರಿಸು, ಎರಡೂ ಬೇಡ. ನಾನು ಎರಡೂ ಬೇಡ ಎಂಬುದಕ್ಕೆ ಇಟ್ಟೆ. ಹೆಸರು ಮಾತ್ರ ಎಂದಿಟ್ಟರೂ ಸಾಲದು. ಠಾಣೆಯಲ್ಲಿ ಕೂತಿರುವಾಗ ಕಾಣೆಯಾದವಳ ಹೆಸರು ಪರದೆಯ ಮೇಲೆ ಮೂಡಿದರೆ ಅದೇ ಒಂದು ಉತ್ತರ ಆಗುತ್ತದೆ. ವಾಟ್ಸ್ಆ್ಯಪ್‌ಗೆ ಬೆರಳಚ್ಚಿನ ಬೀಗ ಹಾಕಿದಾಗ ಅಲ್ಲೇ ಕೆಳಗೆ ನೋಟಿಫಿಕೇಶನ್‌ನಲ್ಲಿ ವಿಷಯ ತೋರಿಸಬೇಕೇ ಎಂದು ಕೇಳುವ ಒಂದು ಗುಂಡಿ ಇದೆ, ಅದನ್ನೂ ಆಫ್ ಮಾಡಿದೆ.

ಇಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಆ ಭಾನುವಾರ ಅಕ್ಕನ ಮಗ ಮನೆಗೆ ಬಂದ. ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸ ಅವನಿಗೆ. ನೀರುದೋಸೆ ತಿನ್ನುತ್ತಾ ಎಲ್ಲ ಕೇಳಿಸಿಕೊಂಡು ಹೇಳಿದ: "ಚಿಕ್ಕಮ್ಮ, ನೀವು ಎದುರಿನ ಬಾಗಿಲು ಹಾಕಿದಿರಿ. ಸಂದೇಶ ಬಂತು ಅಂತ ನಿಮಗೆ ಹೇಳಿದ್ದು ಯಾರು ಅಂತ ಯೋಚನೆ ಮಾಡಿದ್ದೀರಾ?"

ನಾನು ಮಾಡಿರಲಿಲ್ಲ. ಸಿಗ್ನಲ್‌ನಿಂದ ಸೀದಾ ನನ್ನ ಫೋನಿಗೆ ಬರುತ್ತದೆ ಎಂದೇ ತಿಳಿದಿದ್ದೆ. ಹಾಗಲ್ಲ. ಫೋನಿನಲ್ಲಿರುವ ಒಂದೊಂದು ಆ್ಯಪೂ ತನ್ನ ಸರ್ವರಿನ ಜೊತೆ ಬೇರೆ ಬೇರೆ ಸಂಪರ್ಕ ಹಿಡಿದು ಕಾಯುತ್ತ ಕೂತರೆ ಬ್ಯಾಟರಿ ಮಧ್ಯಾಹ್ನದೊಳಗೆ ಖಾಲಿ. ಅದಕ್ಕಾಗಿ ಫೋನ್ ಎಲ್ಲರ ಪರವಾಗಿ ಒಂದೇ ಒಂದು ಸಂಪರ್ಕವನ್ನು ಸದಾ ತೆರೆದಿಡುತ್ತದೆ. ಆಂಡ್ರಾಯ್ಡ್ ಆದರೆ ಅದು ಗೂಗಲ್‌ನ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಕಡೆಗೆ, ಐಫೋನ್ ಆದರೆ ಆಪಲ್‌ನ ಪುಶ್ ನೋಟಿಫಿಕೇಶನ್ ಸೇವೆಯ ಕಡೆಗೆ. ಆ್ಯಪ್ ಹಾಕಿಕೊಂಡಾಗ ಆ ಫೋನಿನಲ್ಲಿರುವ ಆ ಆ್ಯಪಿಗೆಂದೇ ಉದ್ದನೆಯ ಒಂದು ಗುರುತು ಸಿಗುತ್ತದೆ, ಅದಕ್ಕೆ ಟೋಕನ್ ಎನ್ನುತ್ತಾರೆ. ಯಾರಾದರೂ ನನಗೆ ಸಂದೇಶ ಕಳಿಸಿದರೆ ಆ್ಯಪಿನ ಸರ್ವರ್ ಆ ಟೋಕನ್ ಹಿಡಿದು ಗೂಗಲ್‌ನ ಬಾಗಿಲಿಗೆ ಹೋಗಿ ಇವರನ್ನು ಎಬ್ಬಿಸು ಎನ್ನುತ್ತದೆ. ಗೂಗಲ್ ನನ್ನ ಫೋನನ್ನು ಎಬ್ಬಿಸುತ್ತದೆ. ಹಾಗಾಗಿ ಯಾವ ಆ್ಯಪಿನಿಂದ, ಯಾವ ಹೊತ್ತಿಗೆ, ಯಾವ ಫೋನಿಗೆ ಎಂಬ ಲೆಕ್ಕ ನಡುವಿನವರಿಗೆ ತಿಳಿಯುತ್ತದೆ. ಆ ಫೋನ್ ಯಾವ ಖಾತೆಗೆ ಸೇರಿದ್ದು ಎಂಬುದೂ ಅವರಲ್ಲೇ ಉಂಟು.

ಸಿಗ್ನಲ್ ಈ ದಾರಿಯಲ್ಲಿ ಖಾಲಿ ಲಕೋಟೆ ಮಾತ್ರ ಕಳಿಸುತ್ತದೆ. ಎದ್ದ ಮೇಲೆ ಆ್ಯಪೇ ತನ್ನ ಸರ್ವರಿಗೆ ಹೋಗಿ ಸಂದೇಶ ತಂದು ಫೋನಿನೊಳಗೆ ಬಿಡಿಸುತ್ತದೆ. ಎಲ್ಲ ಆ್ಯಪುಗಳೂ ಹಾಗಲ್ಲ. ಕೆಲವು, ತೋರಿಸಬೇಕಾದ ವಾಕ್ಯವನ್ನೇ ಗೂಢಲಿಪಿ ಮಾಡದೆ ಆ ದಾರಿಯಲ್ಲಿ ಹಾಕಿಬಿಡುತ್ತವೆ.

ನನಗೆ ಅಪ್ಪನ ನೆನಪಾಯಿತು. ಶಿರ್ವದ ಹತ್ತಿರ ಒಂದು ಹಳ್ಳಿಯಲ್ಲಿ ಅವರು ಬ್ರಾಂಚ್ ಪೋಸ್ಟ್ ಮಾಸ್ಟರ್. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಮಕ್ಕಳಿಂದ ತಿಂಗಳ ಮೊದಲ ವಾರ ಮನಿಯಾರ್ಡರುಗಳು ಬರುತ್ತಿದ್ದವು. ಅಪ್ಪ ಯಾರ ಕಾಗದವನ್ನೂ ಒಡೆದವರಲ್ಲ. ಆದರೆ ಯಾವ ಮನೆಗೆ ಎರಡು ತಿಂಗಳಿಂದ ಹಣ ಬಂದಿಲ್ಲ, ಯಾವ ಹುಡುಗಿಗೆ ಒಂದೇ ಕೈಬರಹದ ಇನ್‌ಲ್ಯಾಂಡ್ ವಾರಕ್ಕೆ ಎರಡು ಬರುತ್ತದೆ, ಯಾರಿಗೆ ಕೋರ್ಟಿನ ರಿಜಿಸ್ಟರ್ಡ್ ಬಂದಿದೆ ಎಲ್ಲ ಅವರಿಗೆ ಗೊತ್ತಿತ್ತು. ಒಮ್ಮೆ ಅಮ್ಮ ಪಕ್ಕದ ಮನೆಯ ಬಗ್ಗೆ ಏನೋ ಕೇಳಿದ್ದಕ್ಕೆ "ಅದು ಅಂಚೆಯ ವಿಷಯ" ಎಂದು ಊಟ ಮುಂದುವರಿಸಿದರು. ಹಳ್ಳಿ ನೆಮ್ಮದಿಯಿಂದ ಇದ್ದದ್ದು ಅಪ್ಪ ಕಾಗದ ಓದುವುದಿಲ್ಲ ಎಂಬುದರಿಂದ ಮಾತ್ರ ಅಲ್ಲ, ಲಕೋಟೆಯ ಮೇಲೆ ಕಂಡದ್ದನ್ನೂ ಹೇಳುವುದಿಲ್ಲ ಎಂಬ ನಂಬಿಕೆಯಿಂದ.

ಅಮೆರಿಕದ ಸೆನೆಟರ್ ರಾನ್ ವೈಡನ್ 2023ರ ಡಿಸೆಂಬರ್ 6ರಂದು ಅಲ್ಲಿನ ನ್ಯಾಯ ಇಲಾಖೆಗೆ ಬರೆದ ಪತ್ರವನ್ನು ಅಕ್ಕನ ಮಗ ತೆರೆದು ತೋರಿಸಿದ. ಅವರೂ ಇದನ್ನು ಅಂಚೆ ಕಚೇರಿಗೇ ಹೋಲಿಸಿದ್ದಾರೆ. ಬೇರೆ ದೇಶಗಳ ಸರ್ಕಾರಗಳು ನೋಟಿಫಿಕೇಶನ್ ದಾಖಲೆಗಳನ್ನು ಕೊಡಿ ಎಂದು ಆಪಲ್ ಮತ್ತು ಗೂಗಲ್ ಅನ್ನು ಕೇಳುತ್ತಿವೆ ಎಂಬ ಸುಳಿವು ಅವರ ಕಚೇರಿಗೆ 2022ರಲ್ಲೇ ಸಿಕ್ಕಿತ್ತು. ವಿಚಾರಿಸಿದರೆ, ಇದನ್ನು ಹೊರಗೆ ಹೇಳದ ಹಾಗೆ ಅಮೆರಿಕದ ಸರ್ಕಾರ ತಡೆದಿದೆ ಎಂಬ ಉತ್ತರ ಬಂದಿತ್ತು. ಪತ್ರ ಬಹಿರಂಗವಾದ ಮೇಲೆ ಅದೇ ತಿಂಗಳು ಆಪಲ್ ತನ್ನ ನಿಯಮ ಬದಲಿಸಿತು: ಅಲ್ಲಿ ಇನ್ನು ಈ ದಾಖಲೆ ಬೇಕಾದರೆ ನ್ಯಾಯಾಧೀಶರ ಆದೇಶ ಇರಬೇಕು. ಗೂಗಲ್‌ನ ನಿಯಮ ಮೊದಲೇ ಹಾಗಿತ್ತು. ಅಮೆರಿಕದ ತನಿಖೆಗಾರರು ಮಕ್ಕಳ ಲೈಂಗಿಕ ಶೋಷಣೆಯ ಪ್ರಕರಣಗಳಲ್ಲಿ ಇದೇ ಟೋಕನ್ ಹಿಡಿದು ಆರೋಪಿಯವರೆಗೆ ತಲುಪಿದ್ದೂ ಇದೆ. ಅದನ್ನು ನಾನು ಬೇಡ ಎನ್ನಲಾರೆ. ಪೊಲೀಸರಿಗೆ ಏನೂ ಸಿಗಬಾರದು ಎಂಬುದು ನನ್ನ ವಾದವಲ್ಲ. ಯಾರ ಅಪ್ಪಣೆಯಿಂದ ಸಿಗಬೇಕು ಎಂಬುದು ನನ್ನ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಳಗಿನ ಮಾತು ತಿಳಿಯದೆ ಬರೀ ಹೊತ್ತು ಮತ್ತು ಆ್ಯಪಿನ ಹೆಸರಿನಿಂದ ಎಷ್ಟು ತಿಳಿದೀತು? ಇದನ್ನು ನಾನು ನನ್ನ ಮೇಲೆಯೇ ಪರೀಕ್ಷೆ ಮಾಡಿದೆ. ಆಂಡ್ರಾಯ್ಡ್ 11ರಿಂದ ಈಚೆ ಫೋನುಗಳಲ್ಲಿ ನೋಟಿಫಿಕೇಶನ್ ಹಿಸ್ಟರಿ ಎಂಬುದೊಂದು ಇದೆ. ಆನ್ ಮಾಡಿದರೆ ಕಳೆದ 24 ಗಂಟೆಯಲ್ಲಿ ಬಂದದ್ದೆಲ್ಲ ಅಲ್ಲಿ ಸಾಲಾಗಿ ಸಿಗುತ್ತದೆ. ಒಂದು ಮಂಗಳವಾರ ಅದನ್ನು ಆನ್ ಮಾಡಿಟ್ಟು, ರಾತ್ರಿ ಕೂತು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದೆ. ಎಡಕ್ಕೆ ಗಂಟೆ ನಿಮಿಷ, ಬಲಕ್ಕೆ ಆ್ಯಪಿನ ಹೆಸರು. ಯಾರು ಕಳಿಸಿದರು, ಏನು ಬರೆದಿದ್ದರು ಎಂಬುದು ಒಂದಕ್ಷರವೂ ಇಲ್ಲ. 187 ಸಾಲು ಆಯಿತು. ಬರೆದು ಬರೆದು ಕೈ ನೋಯುತ್ತಿತ್ತು. ಮರುದಿನ ಅದನ್ನು ನನ್ನ ಜೂನಿಯರ್ ಹುಡುಗಿಯ ಕೈಗೆ ಕೊಟ್ಟು, ನಿನ್ನೆ ನಾನು ಏನು ಮಾಡಿದೆ ಹೇಳು ಎಂದೆ.

ಆಕೆ ಪೆನ್ಸಿಲ್ ಹಿಡಿದು ಕೂತಳು. ನಿನ್ನೆ ಬೆಳಿಗ್ಗೆ 8:20ಕ್ಕೆ ಮಗನ ಶಾಲೆಯ ಆ್ಯಪ್ ಬಂದಿದೆ, ಬಸ್ಸು ಹತ್ತಿರುತ್ತಾನೆ ಎಂದಳು. 10:40ರಿಂದ ಕೋರ್ಟಿನ ಕೇಸುಗಳ ಆ್ಯಪ್ ಇ-ಕೋರ್ಟ್ಸ್ ಮತ್ತು ಮೇಲ್, ಅಂದರೆ ಕೇಸು ಕರೆಯುವ ಮೊದಲಿನ ಗಡಿಬಿಡಿ. 2:10ಕ್ಕೆ ಬ್ಯಾಂಕಿನ ಆ್ಯಪ್, ಊಟದ ಬಿಲ್ಲು. ರಾತ್ರಿ 9:47ರಿಂದ 9:58ರವರೆಗೆ ಸಿಗ್ನಲ್ ಹದಿನಾಲ್ಕು ಸಲ, ಆ ಹೊತ್ತಿಗೆ ಬೇರೆ ಯಾವ ಆ್ಯಪೂ ಅಷ್ಟು ದಟ್ಟವಾಗಿ ಬಂದಿಲ್ಲ. "ಯಾರೋ ಕಷ್ಟದಲ್ಲಿ ಇರುವವರು ಮಾತಾಡಿದ್ದಾರೆ ಮೇಡಂ, ಅಲ್ಲವಾ?" ಎಂದಳು. ಹೌದು ಎಂದೆ. ಮತ್ತೆ ಪೆನ್ಸಿಲ್ ಸ್ವಲ್ಪ ಮೇಲೆ ಹೋಗಿ ಸಂಜೆ ನಾಲ್ಕರ ಸಾಲುಗಳ ಹತ್ತಿರ ನಿಂತಿತು. ಲ್ಯಾಬಿನ ಆ್ಯಪ್ ಎರಡು ಸಲ, ಹತ್ತು ನಿಮಿಷ ಬಿಟ್ಟು ಆಸ್ಪತ್ರೆಯ ಆ್ಯಪ್ ಒಂದು ಸಲ. ಆಕೆ ತಲೆ ಎತ್ತದೆಯೇ ಕೇಳಿದಳು: "ನಿಮಗೆ ಹುಷಾರಿಲ್ಲವಾ ಮೇಡಂ?"

ಅದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. ರಿಪೋರ್ಟು ಬಂದಿತ್ತು, ಡಾಕ್ಟರ ಭೇಟಿಗೆ ಹೊತ್ತು ನಿಗದಿಯಾಗಿತ್ತು. ಈಗ ಎಲ್ಲ ಸರಿಯಾಗಿದೆ. ಆದರೆ ಆ ಮಧ್ಯಾಹ್ನ, ಮೂರು ಸಾಲು ಪೆನ್ನಿನ ಬರಹ ನೋಡಿ ಒಬ್ಬ ಹುಡುಗಿ ಅದನ್ನು ಓದಿದ್ದು ನನಗೆ ಇವತ್ತಿಗೂ ಮರೆಯುವುದಿಲ್ಲ.

ಎರಡನೆಯ ಪರೀಕ್ಷೆ ಅಕ್ಕನ ಮಗ ಮಾಡಿದ್ದು. ನಾನು, ಜೂನಿಯರ್, ಜೊತೆಯ ವಕೀಲೆ, ಅವರ ಗುಮಾಸ್ತ, ಹೀಗೆ ನಾಲ್ಕು ಜನರ ಒಂದು ದಿನದ ಸಿಗ್ನಲ್ ಹೊತ್ತುಗಳನ್ನು ಹೆಸರಿಲ್ಲದೆ ನಾಲ್ಕು ಹಾಳೆಯಲ್ಲಿ ಅವನಿಗೆ ಕೊಟ್ಟೆವು. ನಮ್ಮಲ್ಲಿ ಇಬ್ಬರು ಮಾತ್ರ ಅವತ್ತು ಪರಸ್ಪರ ಮಾತಾಡಿದ್ದೆವು, ಉಳಿದವರದ್ದು ಬೇರೆ ಬೇರೆ ಜನರ ಜೊತೆ. ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಒಬ್ಬರದ್ದು ಬಾರಿಸಿದ ಅರ್ಧ ನಿಮಿಷಕ್ಕೆ ಇನ್ನೊಬ್ಬರದ್ದು, ಮತ್ತೆ ಮೊದಲಿನವರದ್ದು, ಹೀಗೆ ಗೆರೆ ಎಳೆದುಕೊಂಡು ಹೋಗಿ ಹತ್ತು ನಿಮಿಷದಲ್ಲಿ ಜೋಡಿ ಹೆಕ್ಕಿ ಕೈಗಿಟ್ಟ. ಸಂದೇಶಕ್ಕೆ ಎಷ್ಟು ಗಟ್ಟಿ ಬೀಗ ಇದ್ದರೂ ಮಾತುಕತೆಗೆ ಒಂದು ತಾಳ ಇರುತ್ತದೆ, ಆ ತಾಳ ಹೊರಗೆ ಕೇಳುತ್ತದೆ. ಎರಡೂ ಕಡೆಯ ದಾಖಲೆ ಕೈಯಲ್ಲಿದ್ದರೆ ಯಾವ ಪತ್ರಕರ್ತನಿಗೆ ಯಾವ ಅಧಿಕಾರಿ ಸುದ್ದಿ ಕೊಟ್ಟರು, ಯಾವ ಹೆಂಗಸು ಯಾವ ವಕೀಲರನ್ನು ಹಿಡಿದಳು ಎಂದು ತಿಳಿಯಲು ಒಂದು ಅಕ್ಷರವನ್ನೂ ಓದಬೇಕಾಗಿಲ್ಲ.

ಪರೀಕ್ಷೆ ಮುಗಿದ ಕೂಡಲೇ ಹಿಸ್ಟರಿಯನ್ನು ಆಫ್ ಮಾಡಿದೆ. ಆ್ಯಪಿನಲ್ಲಿ ಅಳಿಸಿದ ಸಂದೇಶದ ತುಣುಕು ಅಲ್ಲಿ ಉಳಿದಿರುತ್ತದೆ. ಫೋನ್ ಯಾರ ಕೈಗಾದರೂ ಸಿಕ್ಕಿದರೆ ಮೊದಲು ನೋಡುವ ಜಾಗ ಅದು.

ಆಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಸೆಟ್ಟಿಂಗ್ಸ್‌ನಲ್ಲಿ ಸ್ಪೆಷಲ್ ಆ್ಯಪ್ ಆಕ್ಸೆಸ್ ಎಂಬುದರೊಳಗೆ, ಕೆಲವು ಫೋನುಗಳಲ್ಲಿ ನೋಟಿಫಿಕೇಶನ್ಸ್‌ನೊಳಗೇ, ನೋಟಿಫಿಕೇಶನ್ ಆಕ್ಸೆಸ್ ಎಂಬ ಪಟ್ಟಿ ಇರುತ್ತದೆ. ಈ ಪಟ್ಟಿಯಲ್ಲಿರುವ ಆ್ಯಪುಗಳು ಬೇರೆ ಎಲ್ಲ ಆ್ಯಪುಗಳ ನೋಟಿಫಿಕೇಶನ್ ಓದಬಲ್ಲವು. ನನ್ನದರಲ್ಲಿ ನಾಲ್ಕು ಇದ್ದವು. ಒಂದು ಕೈಗಡಿಯಾರದ್ದು, ಅದು ಬೇಕಿತ್ತು. ಇನ್ನೊಂದು ಯಾವತ್ತೋ ಹಾಕಿ ಮರೆತ, ಫೋನಿನ ಮುಖಪುಟದ ರೂಪ ಬದಲಿಸುವ ಉಚಿತ ಲಾಂಚರ್, ಮತ್ತೊಂದು ಕಾಲ್ ರೆಕಾರ್ಡರ್, ನಾಲ್ಕನೆಯದು ಏನೆಂದು ನನಗೇ ಗೊತ್ತಾಗಲಿಲ್ಲ. ಅಂದರೆ ಸಿಗ್ನಲ್‌ನ ಬೀಗದ ಹೊರಗೆ, ನನ್ನದೇ ಫೋನಿನೊಳಗೆ, ಮೂರು ಅಪರಿಚಿತರು ಕೂತು ಓದುತ್ತಿದ್ದರು. ಮೂರನ್ನೂ ತೆಗೆದುಹಾಕಿದೆ. ಆಂಡ್ರಾಯ್ಡ್ 15ರಲ್ಲಿ ಇಂಥ ಆ್ಯಪುಗಳಿಗೆ ಒಟಿಪಿ ಕಾಣದ ಹಾಗೆ ಮಾಡಿದ್ದಾರೆ. ಒಳ್ಳೆಯದೇ, ಆದರೆ ನನ್ನ ಕಕ್ಷಿದಾರೆಯ ವಿಳಾಸ ಒಟಿಪಿ ಅಲ್ಲವಲ್ಲ. ಯಾರ ಫೋನ್ ಕೈಗೆ ಬಂದರೂ ಈಗ ನಾನು ಮೊದಲು ತೆರೆಯುವುದು ಈ ಪಟ್ಟಿಯನ್ನೇ.

ಮುಂದಿನ ಹೆಜ್ಜೆಯಲ್ಲಿ ನಾನು ಎಡವಿದೆ. ಬೇಡದ ಆ್ಯಪುಗಳ ನೋಟಿಫಿಕೇಶನ್ ಒಂದೊಂದಾಗಿ ಆಫ್ ಮಾಡಿದೆ. ಸಿಗ್ನಲ್‌ನದ್ದೂ ಆಫ್ ಮಾಡಿ, ಇನ್ನು ಗೂಗಲ್‌ನ ಬಾಗಿಲಿಗೆ ಏನೂ ಹೋಗುವುದಿಲ್ಲ ಎಂದು ಎರಡು ತಿಂಗಳು ನಂಬಿಕೊಂಡಿದ್ದೆ. ಕಕ್ಷಿದಾರರಿಗೂ ಹಾಗೇ ಹೇಳಿದೆ. ಅಕ್ಕನ ಮಗ ಕೇಳಿ ತಲೆ ಅಲ್ಲಾಡಿಸಿದ. "ಚಿಕ್ಕಮ್ಮ, ನೀವು ನಿಲ್ಲಿಸಿದ್ದು ತೋರಿಸುವುದನ್ನು. ಬರುವುದನ್ನಲ್ಲ." ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದರೆ ಫೋನ್ ಪರದೆಯ ಮೇಲೆ ಹಾಕುವುದಿಲ್ಲ, ಸದ್ದು ಮಾಡುವುದಿಲ್ಲ. ಟೋಕನ್ ಹಾಗೇ ಇರುತ್ತದೆ, ಆ್ಯಪಿನ ಸರ್ವರ್ ಎಬ್ಬಿಸುತ್ತಲೇ ಇರಬಹುದು. ನಿಜವಾಗಿ ನಿಲ್ಲಬೇಕಾದರೆ ಆ್ಯಪಿನೊಳಗಿನ ಸೆಟ್ಟಿಂಗ್‌ನಲ್ಲಿ ಕಳಿಸುವುದನ್ನೇ ನಿಲ್ಲಿಸಬೇಕು, ಇಲ್ಲವೇ ಆ್ಯಪನ್ನೇ ತೆಗೆಯಬೇಕು. ಎರಡು ತಿಂಗಳು ತಪ್ಪು ಭರವಸೆ ಕೊಟ್ಟಿದ್ದಕ್ಕೆ ಆರು ಜನರನ್ನು ಒಬ್ಬೊಬ್ಬರಾಗಿ ಕರೆದು ಸರಿ ಮಾಡಿ ಹೇಳಿದೆ.

ಆಮೇಲೆ ಆಫೀಸಿನ ಒಂದು ಹಳೆಯ ಫೋನಿಗೆ ಅವನು ಗೂಗಲ್‌ನ ಸೇವೆಗಳೇ ಇಲ್ಲದ, ಲೀನಿಯೇಜ್ ಓಎಸ್ ಎಂಬ ಬೇರೆ ಬಗೆಯ ಆಂಡ್ರಾಯ್ಡ್ ಹಾಕಿಕೊಟ್ಟ. ಒಂದು ಇಡೀ ಶನಿವಾರ ಹಿಡಿಯಿತು. ಎಲ್ಲ ಫೋನಿಗೂ ಅದು ಕೂರುವುದಿಲ್ಲ, ಬ್ಯಾಂಕಿನ ಆ್ಯಪುಗಳು ಅದರಲ್ಲಿ ತಕರಾರು ಮಾಡುತ್ತವೆ. ಆದರೆ ನನಗೆ ಬೇಕಿದ್ದದ್ದು ಸಿಗ್ನಲ್ ಒಂದೇ. ಸಿಗ್ನಲ್‌ನವರ ಸ್ವಂತ ಜಾಲತಾಣದಿಂದಲೇ ಅದನ್ನು ಇಳಿಸಿಕೊಳ್ಳಬಹುದು. ಗೂಗಲ್ ಸೇವೆ ಇಲ್ಲ ಎಂದು ಕಂಡರೆ ಸಿಗ್ನಲ್ ತನ್ನ ಸರ್ವರಿನ ಜೊತೆ ತಾನೇ ಸಂಪರ್ಕ ಹಿಡಿದುಕೊಳ್ಳುತ್ತದೆ, ನಡುವಿನ ಅಂಚೆಯವನ ಹಂಗಿಲ್ಲ. ಸಿಗ್ನಲ್ ತನ್ನ ಬಳಿ ಏನು ಇಟ್ಟುಕೊಳ್ಳುತ್ತದೆ ಎಂಬುದು 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ, ಕೇಳಿದಾಗ ಗೊತ್ತಾಗಿದೆ. ಖಾತೆ ತೆರೆದ ಹೊತ್ತು, ಕೊನೆಯ ಸಲ ಸಂಪರ್ಕಕ್ಕೆ ಬಂದ ದಿನ, ಎರಡೇ ಕೊಡಲು ಸಾಧ್ಯವಾಗಿದ್ದು. ಹಳೆಯ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಸಂದೇಶ ಕೆಲವೊಮ್ಮೆ ತಡವಾಗುತ್ತದೆ. ಮಳೆಗಾಲದಲ್ಲಿ ಕರೆಂಟು ಹೋದ ಒಂದು ರಾತ್ರಿ ಅದು ಆರಿಹೋಗಿ ಒಬ್ಬಾಕೆಯ ಸಂದೇಶ ನನಗೆ ಬೆಳಿಗ್ಗೆಯೇ ಸಿಕ್ಕಿದ್ದು. ಅಂದಿನಿಂದ ಅದಕ್ಕೆ ಒಂದು ಪವರ್‌ಬ್ಯಾಂಕ್ ಖಾಯಂ ಇಟ್ಟಿದ್ದೇನೆ, ತುರ್ತಿಗೆ ನೇರ ಕರೆ ಮಾಡಿ ಎಂದು ಎಲ್ಲರಿಗೂ ಹೇಳಿದ್ದೇನೆ. ಐಫೋನ್ ಇಟ್ಟುಕೊಂಡವರಿಗೆ ಈ ದಾರಿ ಇಲ್ಲ. ಅಲ್ಲಿ ಎಲ್ಲವೂ ಆಪಲ್‌ನ ಮೂಲಕವೇ.

ಇದೂ ಪೂರ್ತಿ ಮರೆಯಲ್ಲ. ಮೊಬೈಲ್ ಕಂಪನಿಗಳು ಕರೆ ಮತ್ತು ಇಂಟರ್ನೆಟ್ ಬಳಕೆಯ ದಾಖಲೆಯನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಎಂದು 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ಷರತ್ತು ತಿದ್ದಿದ್ದಾರೆ. ನಾನು ಒಂದು ಕಿಟಕಿ ಮುಚ್ಚಿದ್ದೇನೆ, ಇನ್ನೊಂದು ತೆರೆದೇ ಇದೆ. ಇದನ್ನು ಕಕ್ಷಿದಾರರಿಗೆ ಮುಚ್ಚಿಡುವುದಿಲ್ಲ.

ಈಗ ಅಪ್ಪಣೆಯ ಪ್ರಶ್ನೆ. ವಕೀಲೆಯಾಗಿ ನನಗೆ ಹೆಚ್ಚು ನೋವು ಇಲ್ಲಿ.

ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94 ಮತ್ತು 95ನೇ ಕಲಂಗಳನ್ನು ಪಕ್ಕಪಕ್ಕ ಇಟ್ಟು ಓದಿ. ತನಿಖೆಗೆ ಒಂದು ದಾಖಲೆ ಅಥವಾ ಎಲೆಕ್ಟ್ರಾನಿಕ್ ಸಂವಹನ ಬೇಕಾದರೆ 94ರ ಕೆಳಗೆ ಠಾಣೆಯ ಅಧಿಕಾರಿಯೇ ಲಿಖಿತ ಆದೇಶ ಕೊಟ್ಟು ತರಿಸಿಕೊಳ್ಳಬಹುದು. ಆದರೆ ಅಂಚೆಯವರ ವಶದಲ್ಲಿರುವ ಕಾಗದಕ್ಕೆ, 50 ಪೈಸೆಯ ಪೋಸ್ಟ್ ಕಾರ್ಡಿಗೂ, 94 ಅನ್ವಯಿಸುವುದಿಲ್ಲ ಎಂದು ಅಲ್ಲೇ ಬರೆದಿದೆ. ಅದಕ್ಕೆ 95ರ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಚೀಫ್ ಜುಡಿಷಿಯಲ್ ಮ್ಯಾಜಿಸ್ಟ್ರೇಟ್, ಸೆಷನ್ಸ್ ಕೋರ್ಟ್ ಅಥವಾ ಹೈಕೋರ್ಟಿನ ಅಪ್ಪಣೆ ಬೇಕು. ಅಪ್ಪನ ಚೀಲದಲ್ಲಿದ್ದ ಕಾರ್ಡಿಗೆ, ಯಾರು ಬೇಕಾದರೂ ಓದಬಹುದಾಗಿದ್ದ ಆ ತೆರೆದ ಕಾರ್ಡಿಗೆ ಇದ್ದ ಕಾವಲು, ನನ್ನ ಫೋನ್ ಬಾರಿಸಿದ ಲೆಕ್ಕಕ್ಕೆ ಇಲ್ಲ.

ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ನೇ ಕಲಂ ಸಂದೇಶವನ್ನೇ ನೋಡುವ ಅಧಿಕಾರ ಕೊಡುತ್ತದೆ. 69ಬಿ ಎಂಬುದು ಸೈಬರ್ ಭದ್ರತೆಗಾಗಿ ಟ್ರಾಫಿಕ್ ಡೇಟಾ ಸಂಗ್ರಹಿಸುವ ಅಧಿಕಾರ, ಅಂದರೆ ಎಲ್ಲಿಂದ, ಎಲ್ಲಿಗೆ, ಯಾವ ದಾರಿ, ಯಾವ ಹೊತ್ತು ಎಂಬ ಲಕೋಟೆಯ ಮೇಲಿನ ಬರಹ. ಎರಡಕ್ಕೂ ಅಪ್ಪಣೆ ಕೊಡುವವರು ಸರ್ಕಾರದ ಕಾರ್ಯದರ್ಶಿಗಳು, ಆ ಅಪ್ಪಣೆಯನ್ನು ಪರಿಶೀಲಿಸುವ ಸಮಿತಿಯಲ್ಲೂ ಕಾರ್ಯದರ್ಶಿಗಳೇ. ನ್ಯಾಯಾಧೀಶರು ಎಲ್ಲೂ ಇಲ್ಲ. 1988ರಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ನಮ್ಮದೇ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಕುರ್ಚಿ ಬಿಟ್ಟಿದ್ದನ್ನು ನೋಡಿದ ಜನ ನಾವು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಕೂಡ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಎಂಬತ್ತು ದಾಟಿದ ಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದ ಹಿರಿಯರು ಅವರು. ಆ ತೀರ್ಪನ್ನು ನಾನು ಎಷ್ಟೋ ಸಲ ಓದಿದ್ದೇನೆ. ಲಕೋಟೆಯ ಮೇಲಿನ ಬರಹವೂ ಅದರೊಳಗೆ ಬರಬೇಕು ಎಂಬುದೇ ನನ್ನ ನಿಲುವು.

2025ರ ಡಿಸೆಂಬರಿನಲ್ಲಿ, ಕಳೆದುಹೋದ ಫೋನು, ಮೋಸದ ಕರೆಗಳ ದೂರಿಗೆಂದು ಸರ್ಕಾರ ಮಾಡಿದ ಸಂಚಾರ್ ಸಾಥಿ ಆ್ಯಪನ್ನು ಹೊಸ ಫೋನುಗಳಲ್ಲೆಲ್ಲ ಮೊದಲೇ ಹಾಕಿರಬೇಕು ಎಂಬ ಆದೇಶದ ಸುದ್ದಿ ಬಂದಾಗ ನಮ್ಮ ಬಾರ್ ಅಸೋಸಿಯೇಶನ್ ಕೋಣೆಯಲ್ಲಿ ಊಟದ ಹೊತ್ತಿಗೆ ಜೋರು ಚರ್ಚೆ. ಕೆಲವೇ ದಿನದಲ್ಲಿ ಸರ್ಕಾರ ಅದನ್ನು ಹಿಂದೆ ತೆಗೆದುಕೊಂಡಿತು. ಆ್ಯಪ್ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಜನ ಕೇಳಿದರು. ಟೋಕನ್ ಯಾರ ಕಣ್ಣಿಗೂ ಕಾಣುವುದಿಲ್ಲ. ಅದೇ ಕೋಣೆಯಲ್ಲಿ 2023ರ ಅಕ್ಟೋಬರಿನಲ್ಲಿ ಎಲ್ಲರ ಫೋನೂ ಒಟ್ಟಿಗೆ ಸೈರನ್ ಕೂಗಿದ್ದು ನೆನಪಿದೆ, ವಿಪತ್ತಿನ ಎಚ್ಚರಿಕೆಯ ಪರೀಕ್ಷೆ. ಅದು ಟವರಿನಿಂದ ಸುತ್ತಲಿನ ಎಲ್ಲ ಫೋನಿಗೂ ಒಮ್ಮೆಗೇ ಹೋಗುವುದು, ಯಾರ ಗುರುತೂ ಅದಕ್ಕೆ ಬೇಡ. ಜನರನ್ನು ಎಚ್ಚರಿಸಲು ಪ್ರತಿಯೊಬ್ಬರ ಲೆಕ್ಕ ಇಡಲೇಬೇಕು ಎಂದು ಯಾರಾದರೂ ಹೇಳಿದರೆ ನಾನು ಆ ಸೈರನ್ ನೆನಪಿಸುತ್ತೇನೆ.

ಈಗ ನನ್ನ ಆಫೀಸಿನ ಪದ್ಧತಿ ಹೀಗಿದೆ. ಹೊಸ ಕಕ್ಷಿದಾರರು ವಕಾಲತ್ತಿಗೆ ಸಹಿ ಹಾಕುವ ದಿನವೇ ಅವರ ಫೋನನ್ನು ಅವರ ಕೈಯಲ್ಲೇ ಹಿಡಿಸಿ, ಲಾಕ್ ಸ್ಕ್ರೀನ್ ಮತ್ತು ನೋಟಿಫಿಕೇಶನ್ ಆಕ್ಸೆಸ್ ಎರಡನ್ನೂ ಸರಿ ಮಾಡಿಸುತ್ತೇನೆ. ಸೂಕ್ಷ್ಮದ ಕೇಸಾದರೆ ಹಳೆಯ ಫೋನಿನ ನಂಬರು ಕೊಡುತ್ತೇನೆ. ಬೆಳಿಗ್ಗೆ ಏಳಕ್ಕೆ, ರಾತ್ರಿ ಎಂಟಕ್ಕೆ ನಾನೇ ತೆರೆದು ನೋಡುತ್ತೇನೆ. ಉತ್ತರವನ್ನು ಕೂಡಲೇ ಹಾಕದೆ ಎಲ್ಲ ಸೇರಿಸಿ ಒಂದೇ ಸಲ ಬರೆಯುತ್ತೇನೆ, ಆ ತಾಳ ಕೂಡಿಬರದ ಹಾಗೆ. ವಿಳಾಸ, ಊರು, ಇಂಥವನ್ನು ಬರೆಯುವುದೇ ಬೇಡ, ಬಂದಾಗ ಬಾಯಲ್ಲಿ ಹೇಳಿ ಎಂದಿದ್ದೇನೆ. ಕಾರ್ಕಳದ ಆ ಹೆಣ್ಣುಮಗಳು ಈಗಲೂ ಶುಕ್ರವಾರ ಬಸ್ಸಿನಲ್ಲಿ ಬಂದು ಎದುರು ಕೂತು ಮಾತಾಡಿ ಹೋಗುತ್ತಾಳೆ. ಜೀವನಾಂಶದ ಆದೇಶ ಆಗಿದೆ.

ಕಳೆದ ತಿಂಗಳು ಮಲ್ಪೆಯಿಂದ ಕರೆ ಬಂತು. ಬೋಟುಗಳಲ್ಲಿ ದುಡಿಯುವವರ ಕೂಲಿಯ ತಕರಾರೊಂದರಲ್ಲಿ ನಾನು ವಕೀಲೆ. ಅವರ ಮುಂದಾಳು, "ಅಕ್ಕ, ನಮ್ಮ ಹುಡುಗರ ಫೋನನ್ನೂ ಒಮ್ಮೆ ನೋಡಿ ಕೊಡಿ" ಎಂದರು. ಭಾನುವಾರ ಬಂದರಿನ ಹತ್ತಿರದ ಒಂದು ಶೆಡ್ಡಿನಲ್ಲಿ ಬಲೆಯ ರಾಶಿಯ ಪಕ್ಕ ಕೂತೆವು. ಹನ್ನೊಂದು ಫೋನು, ಹೆಚ್ಚಿನವು ಉಪ್ಪುನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ. ಏಳರಲ್ಲಿ ಸಾಲದ ಆ್ಯಪುಗಳು ನೋಟಿಫಿಕೇಶನ್ ಓದುವ ಪಟ್ಟಿಯಲ್ಲಿದ್ದವು. ಅವನ್ನೆಲ್ಲ ತೆಗೆಸಿದೆ. ಯೂನಿಯನ್ ಗುಂಪಿನ ಸಂದೇಶ ಪರದೆಯ ಮೇಲೆ ಕಾಣದ ಹಾಗೆ ಮಾಡಿಸಿದೆ. ಬೇರೆ ಗುಂಪುಗಳನ್ನೂ ನಿಲ್ಲಿಸೋಣವೇ ಎಂದಾಗ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು.

"ಅಕ್ಕ, ಮೀನಿನ ರೇಟಿನದ್ದು ಮಾತ್ರ ಇರಲಿ. ಅದು ಬಡಿಯದಿದ್ದರೆ ಬೆಳಿಗ್ಗೆ ದಕ್ಕೆಯಲ್ಲಿ ನಾವು ಬಾಯಿ ಮುಚ್ಚಿ ನಿಲ್ಲಬೇಕು."

ಮೀನಿನ ರೇಟಿನ ಗುಂಪನ್ನು ಸದ್ದು ಸಮೇತ ಹಾಗೇ ಬಿಟ್ಟೆವು. ಉಳಿದವನ್ನು ಅವರೇ ಒಂದೊಂದಾಗಿ ಒತ್ತಿ ಆಫ್ ಮಾಡಿದರು.